ಒಂದೇ ಒಂದು ಸೀಗಡಿ

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸವೇ ನೀರಿನ ಪರೀಕ್ಷೆ. ಸಿರಪ್ಪಿಗೆ ಹಾಕುವ ನೀರು, ಮಾತ್ರೆಯ ಯಂತ್ರ ತೊಳೆಯುವ ನೀರು, ಎಲ್ಲವೂ ನನ್ನ ಮುಂದೆ ಬಂದು ಕೈಕಟ್ಟಿ ನಿಲ್ಲಬೇಕು. ನಾನು 'ಪಾಸ್' ಎಂದರೆ ಮಾತ್ರ ಮುಂದೆ ಹರಿಯಬೇಕು. ಇಂಥವಳಿಗೆ ಒಂದು ಗಾಜಿನ ತೊಟ್ಟಿಯ ನೀರು ಯಾವ ಮಹಾ!

ಇದೆಲ್ಲ ಶುರುವಾದದ್ದು ಹಲ್ಲುನೋವಿನಿಂದ. ಕೊಂಡಾಪುರದ ಹಲ್ಲಿನ ಡಾಕ್ಟರ ಬಳಿ ನನ್ನ ಸರದಿಗಾಗಿ ಕಾಯುತ್ತ ಕುಳಿತಿದ್ದೆ. ಎದುರಿಗೆ ಒಂದು ಅಕ್ವೇರಿಯಂ ಇತ್ತು. ಅದುವರೆಗೆ ನಾನು ನೋಡಿದ್ದ ಅಕ್ವೇರಿಯಂಗಳಲ್ಲೆಲ್ಲ ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ ಇರುತ್ತಿದ್ದವು. ಇದರಲ್ಲಿ ಮೊಸಳೆ ಇರಲಿಲ್ಲ. ನೀರಿನ ತಳದಲ್ಲಿ ನಿಜವಾದ ಹುಲ್ಲು ಬೆಳೆದಿತ್ತು. ಹಿಂದೆ ಉದ್ದನೆಯ ಗಿಡಗಳು ಗಾಳಿಯಿಲ್ಲದೆ ತೂಗುತ್ತಿದ್ದವು. ನೋಡುತ್ತಿದ್ದಂತೆ ಒಂದು ಎಲೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಹುಟ್ಟಿತು. ಅಲ್ಲೇ ಕುಳಿತು ಸ್ವಲ್ಪ ಯೋಚನೆ ಮಾಡಿತು. ಆಮೇಲೆ ಎಲೆಯ ಕೈಬಿಟ್ಟು ಮೇಲಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

ಗಿಡ ಉಸಿರು ಬಿಡುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಉಸಿರು ಬಿಡುವುದನ್ನು ಕಣ್ಣಾರೆ ನೋಡಿದ್ದು ಅಂದೇ. ನರ್ಸ್ ನನ್ನ ಹೆಸರನ್ನು ಕೂಗಿ ಕೂಗಿ ಸಾಕಾಗಿ ಇನ್ನೊಬ್ಬರನ್ನು ಒಳಗೆ ಕಳಿಸಿದರೆಂದು ಆಮೇಲೆ ಗೊತ್ತಾಯಿತು. ನನಗೇನೂ ಬೇಸರವಾಗಲಿಲ್ಲ.

ಆ ಸಂಜೆ ನನ್ನ ಗಂಡ ವೀರೇಶ ಬೇಗಂಪೇಟೆಯ ಆಫೀಸಿನಿಂದ ಬಂದು ಬೂಟು ಬಿಚ್ಚುತ್ತಿದ್ದಾಗಲೇ ವಿಷಯ ಎತ್ತಿದೆ.

"ರೀ, ನಾವೊಂದು ಅಕ್ವೇರಿಯಂ ಇಡೂಣು."

"ಹಲ್ಲು ಏನಾತು?"

"ಯಾವ ಹಲ್ಲು?"

ವೀರೇಶ ಲೆಕ್ಕಪತ್ರ ವಿಭಾಗದವರು. ಮಾತು ಕಡಿಮೆ. ಆದರೆ ಅವರ ಮೌನಕ್ಕೆ ನೂರು ಅರ್ಥ. ಅಂದಿನ ಮೌನವನ್ನು ನಾನು ಒಪ್ಪಿಗೆ ಎಂದು ಓದಿಕೊಂಡೆ.

ಒಪ್ಪಿಗೆ ಬೇಕಾಗಿದ್ದದ್ದು ಇನ್ನೊಬ್ಬರದು. ನಮ್ಮ ಅತ್ತೆ ಶರಣಮ್ಮನವರು ಆಗ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಲಿಂಗಸೂರಿನಿಂದ ನಮ್ಮಲ್ಲಿಗೆ ಬಂದಿದ್ದರು. ಒಂದು ಕಣ್ಣು ಆಗಿತ್ತು. ಇನ್ನೊಂದನ್ನು 'ಮುಂದ ನೋಡೂಣು' ಎಂದು ತಳ್ಳಿಹಾಕಿದ್ದರು. ಹೊಗೆಯ ಹತ್ತಿರ ಹೋಗಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ, ದಿನವಿಡೀ ದುಡಿದು ಅಭ್ಯಾಸವಾದ ಅವರು ಮನೆಯೊಳಗೂ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ರಜೆಯ ಮೇಲಿರುವ ಪೊಲೀಸ್ ಅಧಿಕಾರಿಯಂತೆ ಸೋಫಾದ ಮೇಲೆ ಕುಳಿತಿರುತ್ತಿದ್ದರು. ಅವರ ಮಡಿ ಬಹಳ. ಮನೆಯಲ್ಲಿ ಮೊಟ್ಟೆ ಹಾಕದ ಬಿಸ್ಕತ್ತನ್ನೂ ಎರಡು ಸಲ ವಿಚಾರಿಸಿಯೇ ತಿನ್ನುವವರು.

"ಮೀನು ಸಾಕ್ತಿ ಅಂದ್ರ ನಂದೇನೂ ಅಡ್ಡಿ ಇಲ್ಲ ಯವ್ವಾ," ಎಂದರು. "ಮೀನಿಗೆ ಊಟಾ ಹಾಕೂದು ಪುಣ್ಯದ ಕೆಲಸ. ಆದ್ರ ಒಂದು ಮಾತು. ದೇವರ ಜಗಲಿ ಎದುರಿಗೆ ಇಡತಿ. ನನ್ನ ಕಣ್ಣ ಮುಂದ ಒಂದು ಮೀನು ಸತ್ತ್ರೂ ನಾ ಅವತ್ತ ಬಸ್ ಹತ್ತತೀನಿ."

"ಒಂದೂ ಸಾಯಂಗಿಲ್ರಿ ಅತ್ತೀ," ಎಂದು ನಾನು ಮಾತು ಕೊಟ್ಟೆ. ನೀರೇ ನನ್ನ ಕಸುಬು! ಮೀನು ಸಾಯಲು ಕಾರಣವೇ ಕಾಣಲಿಲ್ಲ.

ತೊಟ್ಟಿ ಬಂತು, ದೀಪ ಬಂತು, ನೀರು ಸೋಸುವ ಫಿಲ್ಟರ್ ಬಂತು, ಒದ್ದೆ ಕಾಗದದಲ್ಲಿ ಸುತ್ತಿದ ಗಿಡಗಳು ಬಂದವು, ಕಪ್ಪು ಗೋಲಿಗಳಂತಿದ್ದ ವಿಶೇಷ ಮಣ್ಣಿನ ಚೀಲ ಬಂತು. ಅಂಗಡಿಯವರು ಎಚ್ಚರಿಸಿದ್ದರು. "ಪಹಲಾ ಟ್ಯಾಂಕ್ ಹೈ ನಾ ಮೇಡಂ? ಪಾನಿ ಆಹಿಸ್ತಾ ಡಾಲ್ನಾ. ಜಲ್ದಿ ನಕ್ಕೋ." ನೀರನ್ನು ನಿಧಾನವಾಗಿ ಹಾಕಿ, ಅವಸರ ಬೇಡ. ನಿಧಾನ ಎಂದರೆ ಎಷ್ಟು ನಿಧಾನ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮನೆಗೆ ಬಂದು ಮಣ್ಣು ಹರಡಿ, ಇಳಿಜಾರು ಮಾಡಿ, ಒಂದು ಕಲ್ಲನ್ನು ಬೆಟ್ಟದಂತೆ ನಿಲ್ಲಿಸಿ, ಬಕೆಟ್ಟಿನ ನೀರನ್ನು ನನ್ನ ಪ್ರಕಾರ ನಿಧಾನವಾಗಿ ಸುರಿದೆ.

ಬೆಟ್ಟ ಮಾಯವಾಯಿತು. ಇಳಿಜಾರು ಮಾಯವಾಯಿತು. ತೊಟ್ಟಿಯ ಆಚೆ ನಿಂತಿದ್ದ ಗಂಡನೂ ಮಾಯವಾದರು. ಗಾಜಿನೊಳಗೆ ಅಪ್ಪಟ ಕಾಫಿ ಡಿಕಾಕ್ಷನ್!

"ಇದರಾಗ ಮೀನು ಹ್ಯಾಂಗ ಕಾಣತಾವು?" ಎಂದು ಅತ್ತೆ ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿಕೊಂಡರು. ಎರಡೂ ಒಂದೇ ಆಗಿತ್ತು.

ಕಪ್ಪು ಇಳಿಯುವವರೆಗೆ ಕಾದು, ನೀರು ಬದಲಿಸಿ, ಗಿಡ ನೆಟ್ಟೆ. ನೀರಿನೊಳಗೆ ಗಿಡ ನೆಡುವುದೆಂದರೆ ಹಟಮಾರಿ ಮಗುವನ್ನು ಮಲಗಿಸಿದಂತೆ. ಒತ್ತಿ ಹಿಡಿದಷ್ಟು ಹೊತ್ತು ಸುಮ್ಮನಿರುತ್ತದೆ. ಕೈ ತೆಗೆದು ಬಾಗಿಲವರೆಗೆ ಹೋಗುವಷ್ಟರಲ್ಲಿ ಎದ್ದು ಕುಳಿತಿರುತ್ತದೆ! ಒಂದನ್ನು ಒತ್ತಿದರೆ ಪಕ್ಕದ್ದು ಏಳುತ್ತಿತ್ತು. ಕಾರ್ಖಾನೆಯಿಂದ ಬಂದವಳೇ ತೋಳು ಏರಿಸಿ ತೊಟ್ಟಿಗೆ ಕೈ ಹಾಕುವುದು ನನ್ನ ನಿತ್ಯವಿಧಿಯಾಯಿತು. ಅತ್ತೆ ಸೋಫಾ ಬಿಟ್ಟು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡರು. ಟೀವಿ ನೋಡಬಾರದೆಂದು ಡಾಕ್ಟರು ಹೇಳಿದ್ದರು. ತೊಟ್ಟಿ ನೋಡಬಾರದೆಂದು ಹೇಳಿರಲಿಲ್ಲ.

"ನೀರಿನೊಳಗಿನ ಗಿಡಕ್ಕ ನೀರಡಿಕಿ ಆಗತೈತೇನು?" ಎಂದು ಒಂದು ದಿನ ಕೇಳಿದರು.

ಆ ರಾತ್ರಿ ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದೆ.

ಎದುರು ಫ್ಲ್ಯಾಟಿನ ಪದ್ಮಾಗೆ ಅಂಥ ಗಂಭೀರ ಪ್ರಶ್ನೆಗಳಿರಲಿಲ್ಲ. ಅವಳು ಬಾಗಿಲು ತೆರೆದಾಗಲೆಲ್ಲ ಇಣುಕಿ ಒಂದೇ ಮಾತು ಕೇಳುತ್ತಿದ್ದಳು. "ಚೇಪಲು ಎಕ್ಕಡ ವದಿನಾ?" ಮೀನು ಎಲ್ಲಿ ಅತ್ತಿಗೆ?

ಮೀನು ಈಗಲೇ ತರುವಂತಿರಲಿಲ್ಲ. ಏಕೆ ಎಂಬುದನ್ನು ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ಕಲಿತಿದ್ದೆ. ಮೀನಿನ ಹೊಲಸಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ತಿಂದು ನೀರನ್ನು ಹದ ಮಾಡುವ ಸೂಕ್ಷ್ಮಜೀವಿಗಳು ಮೊದಲೇ ತೊಟ್ಟಿಯಲ್ಲಿ ಬೆಳೆದಿರಬೇಕು. ಇಲ್ಲದಿದ್ದರೆ ಮೀನು ಸಾಯುತ್ತದೆ. ಮೀನು ಸತ್ತರೆ ಅತ್ತೆ ಬಸ್ ಹತ್ತುತ್ತಾರೆ. ಹೀಗೆ ಸೂಕ್ಷ್ಮಜೀವಿಗೂ ನಮ್ಮ ಸಂಸಾರದ ನೆಮ್ಮದಿಗೂ ನೇರ ಸಂಬಂಧವಿತ್ತು!

ಆ ಜೀವಿಗಳು ಬೆಳೆಯಲು ಮೊದಲು ಸ್ವಲ್ಪ ಅಮೋನಿಯಾ ಬೇಕು. ನಮ್ಮ ಲ್ಯಾಬಿನಲ್ಲಿ ಬಾಟಲಿಗಟ್ಟಲೆ ಇತ್ತು. ಆದರೆ ಕಾರ್ಖಾನೆಯ ಗೇಟಿನಲ್ಲಿ ಊಟದ ಡಬ್ಬಿಯನ್ನೂ ತೆರೆದು ನೋಡುತ್ತಾರೆ. ಅಕ್ವೇರಿಯಂಗಾಗಿ ಕೆಲಸ ಕಳೆದುಕೊಂಡೆ ಎಂದು ಊರಲ್ಲಿ ಹೇಳಿಕೊಳ್ಳುವುದು ಹೇಗೆ? ಆಗ ವಿಡಿಯೋದಲ್ಲಿ ಒಬ್ಬ ಮಹಾಶಯ ನಗುನಗುತ್ತ ಸುಲಭದ ದಾರಿ ಹೇಳಿದ. ಒಂದು ಹಸಿ ಸೀಗಡಿಯನ್ನು ತೊಟ್ಟಿಗೆ ಹಾಕಿ ಕೊಳೆಯಲು ಬಿಡಿ. ಬೇಕಾದಷ್ಟು ಅಮೋನಿಯಾ ಹುಟ್ಟುತ್ತದೆ.

ಸೀಗಡಿಯನ್ನು ನಾನು ಅದುವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದೆ.

ಮರುದಿನ ಕೆಲಸ ಮುಗಿಸಿ, ಸ್ಕೂಟರ್ ಓಡಿಸುವಾಗ ಕಟ್ಟಿಕೊಳ್ಳುವಂತೆ ಮುಖಕ್ಕೆ ದುಪಟ್ಟಾ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು ಮೀನು ಮಾರುವ ಸಾಲಿಗೆ ಹೋದೆ. ನನ್ನ ಬಳಿ ಸ್ಕೂಟರ್ ಇಲ್ಲ. ನಡೆದುಹೋಗುವವಳು ಹಾಗೆ ಮುಖ ಮುಚ್ಚಿಕೊಂಡರೆ ಎಲ್ಲರೂ ಇನ್ನಷ್ಟು ನೋಡುತ್ತಾರೆ ಎಂಬುದು ಹೊಳೆಯಲಿಲ್ಲ. ಮಾರುವಾಕೆ ತಕ್ಕಡಿ ಎತ್ತಿ, ಎಷ್ಟು ಕಿಲೋ ಎಂದು ಕೇಳಿದಳು.

"ಒಕಟಿ," ಎಂದೆ.

"ಒಕ ಕಿಲೋನಾ?"

"ಕಾದು. ಒಕ ರೊಯ್ಯ." ಅಲ್ಲ, ಒಂದು ಸೀಗಡಿ.

ಆಕೆ ತಕ್ಕಡಿ ಕೆಳಗಿಟ್ಟಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಪಕ್ಕದಾಕೆಯನ್ನೂ ಕರೆದು ತೋರಿಸಿದಳು. ಆಮೇಲೆ ಕರುಣೆಯಿಂದ, "ಪಿಲ್ಲಿಕಾ?" ಎಂದಳು. ಬೆಕ್ಕಿಗೇ?

"ಹೌದು, ಹೌದು, ಬೆಕ್ಕಿಗೆ!" ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಉತ್ತರಿಸಿದೆ. ಇಲ್ಲದ ಬೆಕ್ಕಿನ ಮೇಲೆ ಆಕೆಗೆ ಪ್ರೀತಿ ಉಕ್ಕಿತು. ಇದ್ದುದರಲ್ಲೇ ದೊಡ್ಡದೊಂದು ಸೀಗಡಿ ಆರಿಸಿದಳು. ಸಿಪ್ಪೆ ತೆಗೆದುಕೊಡುತ್ತೇನೆ, ಬೆಕ್ಕಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದಳು. ಬೇಡ ಎಂದೆ. ಮೀಸೆಯಾದರೂ ಕತ್ತರಿಸುತ್ತೇನೆ ಎಂದಳು. ಅದೂ ಬೇಡ, ನಮ್ಮ ಬೆಕ್ಕಿಗೆ ಮೀಸೆ ಇದ್ದರೇ ಇಷ್ಟ ಎಂದೆ! ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. ನನ್ನ ಟಿಫಿನ್ ಡಬ್ಬಿಯಲ್ಲಿ, ಮಧ್ಯಾಹ್ನ ರೊಟ್ಟಿ ಇದ್ದ ಜಾಗದಲ್ಲಿ, ಅದನ್ನು ಮಲಗಿಸಿ ಮನೆಗೆ ತಂದೆ. ಆ ಡಬ್ಬಿ ಈಗ ನಮ್ಮ ಮನೆಯಲ್ಲಿಲ್ಲ.

ಅತ್ತೆಯ ಕಣ್ಣಿಗೆ ಸಂಜೆ ಔಷಧಿಯ ಹನಿ ಹಾಕಬೇಕು. ಹಾಕಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಬೇಕು. ಅಂದು ನಾನು ಹನಿ ಹಾಕಿದಷ್ಟು ಪ್ರೀತಿಯಿಂದ ಯಾವ ಸೊಸೆಯೂ ಹಾಕಿರಲಾರಳು. "ಕಣ್ಣು ತೆರೀಬ್ಯಾಡ್ರಿ ಅತ್ತೀ," ಎಂದು ಹೇಳಿ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಸೀಗಡಿಯನ್ನು ತೊಟ್ಟಿಯ ಕಲ್ಲಿನ ಮರೆಗೆ ಬಿಟ್ಟೆ.

ಫಿಲ್ಟರಿನ ನೀರಿಗೆ ಒಂದು ಸೆಳೆತವಿರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅದು ಸೀಗಡಿಯನ್ನು ಕಲ್ಲಿನ ಮರೆಯಿಂದ ಹೊರಗೆ ಜರುಗಿಸಿ, ಹುಲ್ಲಿನ ನಡುವೆ ನೆಟ್ಟಗೆ ನಿಲ್ಲಿಸಿತ್ತು. ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ.

"ಸುಮಂಗಲಾ! ಬಾ ಇಲ್ಲೆ! ಬಂದಾನ, ಬಂದಾನ!"

"ಯಾರು ಬಂದಾರ್ರಿ ಅತ್ತೀ?"

"ನಿನ್ನ ಮೀನಪ್ಪ! ನೋಡ ಬಾ, ಎಷ್ಟು ಚೆಂದ ಮೀಸಿ ಅಲ್ಲಾಡ್ಸಾಕತ್ತಾನ!"

ಓಡಿಬಂದು ನೋಡಿದರೆ ನಿಜ. ನೀರಿನ ಸೆಳೆತಕ್ಕೆ ಅದರ ಉದ್ದನೆಯ ಮೀಸೆ ಮೆಲ್ಲಗೆ ಆಡುತ್ತಿತ್ತು. ಒಂದು ಕ್ಷಣ ನನಗೇ ಅನುಮಾನ ಬಂತು! ಅತ್ತೆಯ ಒಂದು ಕಣ್ಣಿಗೆ ಇನ್ನೂ ಪೊರೆ, ಇನ್ನೊಂದಕ್ಕೆ ಕಪ್ಪು ಗಾಜು. ಜೀವಮಾನದಲ್ಲಿ ಸೀಗಡಿ ನೋಡದ ಅವರಿಗೆ ಅದು ನಮ್ಮ ಮನೆಗೆ ಬಂದ ಮೊದಲ ಮೀನು. ಅವರ ಮುಖದ ಮೇಲೆ ಆ ಬೆಳಗ್ಗೆ ಇದ್ದ ಸಂತೋಷವನ್ನು ನಾನು ಆಪರೇಷನ್ನಿನ ಪಟ್ಟಿ ಬಿಚ್ಚಿದ ದಿನವೂ ನೋಡಿರಲಿಲ್ಲ.

ನಿಜ ಹೇಳಲು ಅದೇ ಸರಿಯಾದ ಸಮಯವಾಗಿತ್ತು. ನಾನು ಹೇಳಿದ್ದು ಇದು:

"ಹೌದ್ರಿ ಅತ್ತೀ. ನಿನ್ನೆ ಸಂಜಿ ತಂದೆ."

"ಅತ್ತಾಗಿತ್ತಾಗ ಓಡಾಡವಲ್ಲ ಯಾಕ?"

"ಹೊಸಾ ಜಾಗ. ದಣದಾನ್ರಿ."

"ಪಾಪ, ಮಲಗ್ಲಿ," ಎಂದು ಅತ್ತೆ ದೇವರಿಗೆ ಹಚ್ಚಿದ್ದ ಊದಿನಕಡ್ಡಿಯನ್ನು ತೊಟ್ಟಿಗೂ ಒಮ್ಮೆ ಬೆಳಗಿದರು. ಅಡುಗೆಮನೆಯಲ್ಲಿ ಎಣ್ಣೆ ಹೊತ್ತಿತ್ತು.

ಸಂಜೆ ಅವರಿಗೆ ಕಾಣದಂತೆ ತೆಗೆದುಬಿಡೋಣ ಎಂದುಕೊಂಡೆ. ಆದರೆ ತೆಗೆದರೆ 'ಮೀನಪ್ಪ ಎಲ್ಲಿ?' ಎಂಬ ಪ್ರಶ್ನೆ ಬರುತ್ತದೆ. ಸತ್ತ ಎಂದರೆ ಬಸ್! ಹೀಗಾಗಿ ಸತ್ತವನನ್ನು ಸಾಯಿಸುವ ಧೈರ್ಯ ನನಗೆ ಬರಲಿಲ್ಲ. ಅತ್ತೆ ಅವನಿಗೆ ಹೊತ್ತುಹೊತ್ತಿಗೆ ಚುರುಮುರಿ ಹಾಕಿದರು. ಅನ್ನದ ಅಗುಳು ಹಾಕಿದರು. "ಉಣ್ಣವಲ್ಲ, ಹಟಾ ಮಾಡ್ತಾನ," ಎಂದು ನನಗೆ ಚಾಡಿ ಹೇಳಿದರು. "ನಮ್ಮ ವೀರೇಶನೂ ಸಣ್ಣಾಂವ ಇದ್ದಾಗ ಹಿಂಗ."

ಆಮೇಲೆ ವಾಸನೆ ಶುರುವಾಯಿತು.

ನಮ್ಮ ಕಡೆ ಗಾಳಿಯಲ್ಲಿ ಯಾವ ವಾಸನೆ ಬಂದರೂ ಅದರ ಪಾಪವನ್ನು ಕೈಗಾರಿಕಾ ಪ್ರದೇಶದ ತಲೆಗೆ ಕಟ್ಟುವುದು ವಾಡಿಕೆ. ವೀರೇಶ ಮೂಗು ಮುಚ್ಚಿಕೊಂಡು, "ಇವತ್ತು ಗಾಳಿ ಭಾಳ ಬಿಟ್ಟಾರ," ಎಂದು ಎದ್ದು ಎಲ್ಲ ಕಿಟಕಿಗಳನ್ನೂ ಭದ್ರವಾಗಿ ಮುಚ್ಚಿದರು. ವಾಸನೆ ಮನೆಯೊಳಗೆ ಸೆರೆಯಾಯಿತು! ಅಷ್ಟು ವಾಸನೆ ಬಂದರೂ, ಔಷಧ ಕಾರ್ಖಾನೆಯಲ್ಲಿ ದುಡಿಯುವ ಹೆಂಡತಿಯ ಮುಖ ನೋಡಿ ಅವರು ಅದಕ್ಕಿಂತ ಹೆಚ್ಚೇನೂ ಅನ್ನಲಿಲ್ಲ. ತಮ್ಮ ಮಾತಿನಿಂದ ನನಗೆ ನೋವಾದೀತೆಂದು ಅವರ ಅಂಜಿಕೆ. ನಾನೂ ಗಂಭೀರವಾಗಿ, "ಬಿಟ್ಟಾರ ನೋಡ್ರಿ," ಎಂದೆ.

ಮೂರನೆಯ ದಿನ ಭಾನುವಾರ. ಬಾಗಿಲಲ್ಲಿ ಪದ್ಮಾಳ ಮುಖ ಕಂಡದ್ದೇ ತಡ, ಅತ್ತೆ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದರು. ರಾಯಚೂರು ಜಿಲ್ಲೆಯವರಾದ್ದರಿಂದ ಅವರಿಗೆ ಕೆಲಸ ನಡೆಯುವಷ್ಟು ತೆಲುಗು ಬರುತ್ತಿತ್ತು.

"ದಿನಾ ಕೇಳ್ತಿದ್ದೆಲ್ಲ, ಚೇಪಲು ಎಕ್ಕಡ ಅಂತ? ಇಗೋ, ನೋಡು!"

ಪದ್ಮಾ ಬಗ್ಗಿ ನೋಡಿದಳು. ಅವಳ ತವರು ಸಮುದ್ರದ ದಂಡೆ. ನಾನು ಅವಳ ಬೆನ್ನ ಹಿಂದೆ ನಿಂತು ಕೈ ಆಡಿಸಿದೆ, ಕಣ್ಣು ಮಿಟುಕಿಸಿದೆ, ಬಾಯಿಯ ಮೇಲೆ ಬೆರಳಿಟ್ಟೆ. ಅವಳು ನನ್ನ ಕಡೆ ತಿರುಗಿದ್ದರೆ ತಾನೆ!

"ಅಮ್ಮಾ! ಇದಿ ಚೇಪ ಕಾದು, ರೊಯ್ಯ! ಕೂರ ವಂಡೇ ರೊಯ್ಯ!" ಎಂದು ಕೂಗಿದಳು. ಇದು ಮೀನಲ್ಲ, ಸಾರು ಮಾಡುವ ಸೀಗಡಿ! ಇನ್ನಷ್ಟು ಬಗ್ಗಿ, ಮೂಗಿಗೆ ಸೆರಗು ಹಿಡಿದು ತೀರ್ಪನ್ನೂ ಕೊಟ್ಟಳು. "ಚಚ್ಚಿಪೋಯಿಂದಿ!" ಸತ್ತುಹೋಗಿದೆ!

ಅತ್ತೆ ಕನ್ನಡಕ ತೆಗೆದರು. ಆಪರೇಷನ್ ಆದ ಕಣ್ಣನ್ನು ಗಾಜಿಗೆ ತೀರಾ ಹತ್ತಿರ ತಂದು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸತ್ತದ್ದಕ್ಕ ನಾ ಮೂರು ದಿನಾ ಊಟಾ ಹಾಕೀನೇನು?"

ಅವರ ದೃಷ್ಟಿ ದೇವರ ಜಗಲಿಯ ಕಡೆ ಹೋಯಿತು.

"ಊದಿನಕಡ್ಡಿ ಬೆಳಗೀನಿ!"

ಅವರು ತಲೆಯ ಮೇಲೆ ನೀರು ಹಾಕಿಕೊಂಡು ಬಂದರು. ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದು ನನಗೆ ಆಮೇಲೆ ನೆನಪಾಯಿತು. ಅತ್ತೆ ಬಾಳೆಹಣ್ಣೊಂದನ್ನು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಹಸಿರು ಚೀಲ ತೆಗೆದು ಸೀರೆಗಳನ್ನು ಮಡಿಚಿ ತುಂಬತೊಡಗಿದರು. ವೀರೇಶ ಒಮ್ಮೆ ತಾಯಿಯ ಕಡೆ, ಒಮ್ಮೆ ನನ್ನ ಕಡೆ ನೋಡಿ, "ಮುಂದಿನ ವಾರ ಕಣ್ಣು ತೋರ್ಸೂದೈತಿ ಅವ್ವಾ," ಎಂದರು. ಅವರ ಮಟ್ಟಿಗೆ ಅದು ಭಾಷಣವೇ. "ಊರಾಗೂ ಡಾಕ್ಟರ ಇದ್ದಾರ," ಎಂದು ಅತ್ತೆ ಇನ್ನೊಂದು ಸೀರೆ ಮಡಿಚಿದರು.

ಅಲ್ಲಿಯವರೆಗೆ ನನಗೆ ಒಳಗೊಳಗೇ ನಗುವೂ ಬರುತ್ತಿತ್ತು. ಆ ಚೀಲ ನೋಡಿದ ಮೇಲೆ ಬರಲಿಲ್ಲ. ಗಾಯ ಮಾಯದ ಕಣ್ಣಿಟ್ಟುಕೊಂಡು ಆ ದೂಳಿನ ದಾರಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಅವರು ಹೋಗುವುದು ಕಣ್ಣಿಗೆ ಕಟ್ಟಿತು. ಮೊದಲು ಸೀಗಡಿಯನ್ನು ತೆಗೆದು ದೂರ ಎಸೆದುಬಂದೆ. ಸ್ನಾನ ಮಾಡಿದೆ. ಆಮೇಲೆ ಅವರ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಬೆಕ್ಕಿನ ಸುಳ್ಳಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಬೆಕ್ಕಿಗೆ ಮೀಸೆ ಇದ್ದರೇ ಇಷ್ಟ ಎಂಬಲ್ಲಿಗೆ ಬಂದಾಗ ಅತ್ತೆಯ ಕೈ ಸೀರೆಯ ಮಡಿಕೆಯಲ್ಲೇ ನಿಂತಿತು. ತುಟಿಯ ಒಂದು ಕೊನೆ ಸ್ವಲ್ಪ ಅಲುಗಿತು. ಆದರೂ ಬಿಗಿಯಾಗಿಯೇ ಕೇಳಿದರು.

"ಸತ್ತದ್ದು ಯಾಕ ಬೇಕಾಗಿತ್ತು?"

"ನೀರಾಗ ಕಣ್ಣಿಗೆ ಕಾಣದ ಹುಳಾ ಬೆಳೀಬೇಕ್ರಿ. ಅವು ಬೆಳದ್ರ ಮುಂದ ಬರೂ ಮೀನು ಸಾಯಂಗಿಲ್ಲ."

"ಹುಳಾ ಅಂದ್ರ ಕೆಟ್ಟವು?"

"ಅಲ್ರಿ, ಒಳ್ಳೇವು."

"ಹುಳದಾಗೂ ಒಳ್ಳೇವು ಅದಾವೇನು?"

ಅವರು ಚೀಲ ಬಿಟ್ಟು ನನ್ನ ಕಡೆ ತಿರುಗಿ ಕುಳಿತಿದ್ದರು. ನಾನು ಉತ್ಸಾಹಗೊಂಡೆ. ಎಂಥ ಕಠಿಣ ವಿಷಯವನ್ನೂ ಸುಲಭವಾಗಿ ತಿಳಿಸಿ ಹೇಳುವ ಕಲೆ ನನಗಿದೆ ಎಂಬ ಹೆಮ್ಮೆ ಬೇರೆ!

"ಮೊಸರಿಗೆ ಹೆಪ್ಪ ಹಾಕ್ತೀರೆಲ್ಲ ಅತ್ತೀ? ಹಂಗ ತಿಳೀರಿ. ಹೆಪ್ಪಿನ್ಯಾಗೂ ಹುಳಾ ಇರ್ತಾವು. ಹಾಲನ್ನ ಮೊಸರು ಮಾಡ್ತಾವು. ಇವು ನೀರನ್ನ ಹದಾ ಮಾಡ್ತಾವು."

"ಹಂಗೇನು," ಎಂದರು ಅತ್ತೆ. ಅಡುಗೆಮನೆಯ ಕಡೆ ಒಮ್ಮೆ ನೋಡಿದರು. "ಇಷ್ಟು ಮೊದಲ ಹೇಳಬೇಕಿಲ್ಲೋ?" ಎಂದು ಚೀಲದಿಂದ ಒಂದು ಸೀರೆ ಹೊರಗೆ ತೆಗೆದರು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಸಂಜೆ ಕಾರ್ಖಾನೆಯಿಂದ ಬಂದು ಬಾಗಿಲು ತೆರೆದೆ. ತೊಟ್ಟಿ ಕಾಣಲಿಲ್ಲ. ಅದರ ಜಾಗದಲ್ಲಿ ಊರಿಂದ ತಂದ ದಪ್ಪ ಕೌದಿಯನ್ನು ಸುತ್ತಿಕೊಂಡು ಏನೋ ಕುಳಿತಿತ್ತು. ಮೇಲೊಂದು ಹಿತ್ತಾಳೆ ತಟ್ಟೆ ಮುಚ್ಚಿತ್ತು. ದೀಪ ಆರಿತ್ತು. ಫಿಲ್ಟರೂ ನಿಂತಿತ್ತು.

"ಅತ್ತೀ! ಇದೇನ್ರಿ?"

"ಅಲ್ಲಾಡ್ಸಬ್ಯಾಡ!" ಎಂದು ಅತ್ತೆ ಕೈಯೆತ್ತಿ ತಡೆದರು. "ಹೆಪ್ಪ ಹಾಕೀನಿ. ಬೆಚ್ಚಗ ಇದ್ರ ಲಗೂನ ಆಗತೈತಿ. ಎಷ್ಟು ದಿನಾ ಅಂತ ಸತ್ತದ್ದನ್ನ ಹಾಕ್ಕೋತ ಕೂಡ್ತಿ ನೀನು?"

ನಾನು ಕೌದಿಯ ಒಂದು ಮೂಲೆ ಎತ್ತಿ ನೋಡಿದೆ. ಒಳಗೆ ಹಾಲು! ಬೆಟ್ಟವಿಲ್ಲ, ಹುಲ್ಲಿಲ್ಲ, ಅಂಚಿನಿಂದ ಅಂಚಿಗೆ ಬೆಳ್ಳಗೆ! "ಎಷ್ಟು ಹಾಕಿದ್ರಿ?" ಎಂದು ಕೇಳಿದೆ.

"ನೀರು ಭಾಳ ಐತೆಲ್ಲ, ಅದಕ್ಕ ಡಬರಿ ತುಂಬ ಹಾಕಿದೆ. ಗಟ್ಟಿ ಮೊಸರು."

ಕೋಪ ಬರಬೇಕಾಗಿತ್ತು. ಆದರೆ ಅತ್ತೆಯ ಮುಖದಲ್ಲಿ ಎಂಥ ನಿರೀಕ್ಷೆ! ನಿನ್ನೆ ಊರಿಗೆ ಹೊರಟವರು ಇಂದು ನನ್ನ ತೊಟ್ಟಿಗೆ ನೆರವಾಗಲು ಮಧ್ಯಾಹ್ನವೆಲ್ಲ ಕಾವಲು ಕುಳಿತಿದ್ದರು. ಹೆಪ್ಪಿನ ಉಪಮೆ ಕೊಟ್ಟವಳು ನಾನೇ. ಅವರು ಒಂದಕ್ಷರವೂ ತಪ್ಪದೆ ಪಾಲಿಸಿದ್ದರು. ನನಗೆ ನಗು ಬಂತು. ಶುರುವಾದದ್ದು ನಿಲ್ಲಲೇ ಇಲ್ಲ. ಅತ್ತೆ ಮೊದಲು ಗಾಬರಿಯಾದರು. ಆಮೇಲೆ, "ತಪ್ಪಾತೇನು? ಹೇಳ, ತಪ್ಪಾತೇನು?" ಎಂದು ಕೇಳುತ್ತ ಅವರೂ ನಗತೊಡಗಿದರು. ವೀರೇಶ ಬಂದಾಗ ನಾವಿಬ್ಬರೂ ಕೌದಿ ಹೊದ್ದ ತೊಟ್ಟಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದೆವು. ಅವರು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತರು.

ತೊಟ್ಟಿ ಖಾಲಿ ಮಾಡುವ ಕೆಲಸ ಶುರುವಾಯಿತು. ನಾನು ಪೈಪಿನಿಂದ ನೀರು ಎಳೆದು ಬಕೆಟ್ಟಿಗೆ ಬಿಡುವುದು, ವೀರೇಶ ಒಯ್ದು ಬಚ್ಚಲಿಗೆ ಸುರಿಯುವುದು, ಅತ್ತೆ ಕುರ್ಚಿಯ ಮೇಲೆ ಕುಳಿತು ಗಿಡಗಳಿಗೆ ನೀರು ಚಿಮುಕಿಸುವುದು. ಗಿಡ ಇಡಲು ಬೇರೇನೂ ಸಿಗದೆ ಮಣ್ಣಿನ ಖಾಲಿ ಚೀಲವನ್ನೇ ಹಾಸಿದ್ದೆವು. ಬಕೆಟ್ ತುಂಬುವವರೆಗೆ ಕೆಲಸವಿಲ್ಲದ ವೀರೇಶ ಆ ಚೀಲದ ಹಿಂಬದಿಯನ್ನು ಓದುತ್ತಿದ್ದರು. ಲೆಕ್ಕಪತ್ರದವರು ಯಾವ ಕಾಗದ ಸಿಕ್ಕರೂ ಓದುತ್ತಾರೆ.

"ಈ ಮಣ್ಣಿನಾಗ ಮೊದಲ ಅಮೋನಿಯಾ ಇರತೈತಂತ," ಎಂದರು. "ಮೊದಮೊದಲು ತಾನ ನೀರಿಗೆ ಬಿಡತೈತಂತ. ಬ್ಯಾರೆ ಏನೂ ಹಾಕಬ್ಯಾಡ್ರಿ ಅಂತ ಬರದಾರ."

ನಾನು ಪೈಪು ಹಿಡಿದು ಹಾಗೇ ನಿಂತೆ. ಬಕೆಟ್ಟು ತುಂಬಿ ನೀರು ನೆಲದ ಮೇಲೆ ಹರಿಯಿತು.

"ನೀ ಈ ನೀರು ಟೆಸ್ಟ್ ಮಾಡಿದ್ದಿಲ್ಲೇನು?" ಎಂದು ಅವರು ಕೇಳಿದರು. ಅವರ ಮುಖದಲ್ಲಿ ವ್ಯಂಗ್ಯವೇನೂ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು. ಅದೇ ಹೆಚ್ಚು ಕಷ್ಟ!

ಮಾಡಿರಲಿಲ್ಲ. ದಿನವಿಡೀ ಊರಿನ ನೀರನ್ನೆಲ್ಲ ಪರೀಕ್ಷೆ ಮಾಡುವವಳು ಮನೆಯ ತೊಟ್ಟಿಗೆ, ಬಣ್ಣ ಬದಲಿಸಿ ಹೇಳುವ ಒಂದು ಪರೀಕ್ಷೆಯ ಪಟ್ಟಿಯನ್ನೂ ಅದ್ದಿ ನೋಡಿರಲಿಲ್ಲ.

ಆಗಲೇ ಅತ್ತೆ 'ಅಯ್ಯ' ಎಂದರು. ತೊಟ್ಟಿಯ ಗಾಜಿನ ಮೇಲೆ, ನೀರಿಗಿಂತ ಮೇಲೆ, ಒಂದು ಮೆಂತ್ಯದ ಕಾಳು ಅಂಟಿಕೊಂಡಿತ್ತು. ನೋಡುತ್ತಿದ್ದಂತೆ ಕಾಳು ಮುಂದೆ ಸರಿಯಿತು! ಗಿಡಗಳ ಜೊತೆ ಅಂಗಡಿಯಿಂದಲೇ ಬಂದಿದ್ದ ಮರಿ ಬಸವನಹುಳು. ಮೊಸರಿನಲ್ಲಿ ಉಸಿರು ಕಟ್ಟಿ, ಗಾಜು ಹತ್ತಿ ಮೇಲೆ ಬಂದು ಕುಳಿತಿತ್ತು. ನಾನು ಭೂತಗನ್ನಡಿ ತಂದೆ. ಮೂವರೂ ಸರದಿಯಲ್ಲಿ ನೋಡಿದೆವು. ಅದರ ಕೆಳಬದಿಯಲ್ಲಿ ಸೂಜಿಯ ಮೊನೆಯಷ್ಟು ಬಾಯಿ. ತೆರೆಯುತ್ತದೆ, ಗಾಜನ್ನು ನೆಕ್ಕುತ್ತದೆ, ಮುಚ್ಚುತ್ತದೆ, ಒಂದಿಷ್ಟು ಮುಂದೆ ಹೋಗುತ್ತದೆ.

"ಜೀವ ಐತಿ," ಎಂದರು ಅತ್ತೆ ಪಿಸುದನಿಯಲ್ಲಿ. "ಇದಾದ್ರೂ ಖರೇ ಜೀವಾ ಹೌದಲ್ಲೋ?"

"ಹೌದ್ರಿ ಅತ್ತೀ. ಆಣಿ ಮಾಡ್ತೀನಿ."

ಉಳಿದ ಸೀರೆಗಳೂ ಚೀಲದಿಂದ ಹೊರಗೆ ಬಂದವು. ಕಣ್ಣಿಗೂ ಏನೂ ಆಗಿರಲಿಲ್ಲವೆಂದು ಡಾಕ್ಟರು ಹೇಳಿದರು. ತೊಟ್ಟಿಯ ನೀರನ್ನು ನಾನು ಮತ್ತೆ ಮತ್ತೆ ಬದಲಿಸಿದೆ. ಈ ಸಲ ಮಣ್ಣು ಕದಡದಿರಲೆಂದು ಒಂದು ತಟ್ಟೆಯ ಮೇಲೆ ಬೀಳುವಂತೆ, ಹನಿಹನಿಯಾಗಿ. ಪರೀಕ್ಷೆಯ ಪಟ್ಟಿಗಳನ್ನೂ ತಂದೆ. ಅಮೋನಿಯಾ ಮಣ್ಣಿನಿಂದ ತಾನಾಗಿಯೇ ಬಂತು. ಅದನ್ನು ತಿನ್ನುವ ಜೀವಿಗಳೂ ಯಾರೂ ಕರೆಯದೆ, ಹೆಪ್ಪಿಲ್ಲದೆ, ಸೀಗಡಿಯಿಲ್ಲದೆ ಬಂದವು. ನಾನು ಸುಮ್ಮನಿದ್ದದ್ದೇ ಅವುಗಳಿಗೆ ಬೇಕಾಗಿದ್ದ ದೊಡ್ಡ ಸಹಾಯವೆಂದು ಕಾಣುತ್ತದೆ.

ಒಂದು ಮಧ್ಯಾಹ್ನ ಅತ್ತೆ ಕಾರ್ಖಾನೆಗೇ ಫೋನು ಮಾಡಿದರು. ಏನಾಯಿತೋ ಎಂದು ಕೈಗವಸು ಕಿತ್ತೆಸೆದು ಓಡಿದೆ. "ಎಲಿ ಉಸರ ಬಿಡಾಕತ್ತೈತಿ!" ಎಂದು ಅವರು ಆ ಕಡೆಯಿಂದ ಕೂಗುತ್ತಿದ್ದರು. "ಮುತ್ತು ಮುತ್ತಿನಂಗ ಮ್ಯಾಲ ಹೊಂಟಾವ ಸುಮಂಗಲಾ, ನೀ ಇರಬೇಕಾಗಿತ್ತು!" ನಾನು ಮನೆಗೆ ಬರುವಷ್ಟರಲ್ಲಿ ಗಿಡ ಉಸಿರು ಬಿಟ್ಟು ಮುಗಿಸಿತ್ತು.

ಕೊನೆಗೆ ಮೀನುಗಳು ಬಂದವು. ಬೆನ್ನಿನ ಮೇಲೆ ನೀಲಿ ಗೆರೆ ಹೊಳೆಯುವ ಪುಟ್ಟ ಮೀನುಗಳು. ಅತ್ತೆಯೇ ಅಂಗಡಿಗೆ ಬಂದು ಒಂದೊಂದನ್ನೂ ಅದು ಓಡಾಡುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಆರಿಸಿದರು. "ಮೀಸಿ ಇದ್ದದ್ದು ಬ್ಯಾಡ," ಎಂದು ಅಂಗಡಿಯವರಿಗೆ ತಾಕೀತು ಬೇರೆ. ಮನೆಗೆ ಬಂದ ಮೇಲೆ, ತಳ್ಳಿಹಾಕಿದ್ದ ಇನ್ನೊಂದು ಕಣ್ಣಿನ ಆಪರೇಷನ್ನನ್ನೂ ಇಲ್ಲೇ ಮಾಡಿಸಿಬಿಡೋಣ ಎಂದು ತಾವಾಗಿಯೇ ಹೇಳಿದರು. ಒಂದೇ ಕಣ್ಣಿನಲ್ಲಿ ಎಲ್ಲವನ್ನೂ ನೋಡಲು ಆಗುತ್ತಿಲ್ಲವಂತೆ.

ಅಂದಿನಿಂದ ಇಂದಿನವರೆಗೆ ಒಂದು ಮೀನೂ ಸತ್ತಿಲ್ಲ. ಆದರೆ ನನಗೊಂದು ತೊಂದರೆಯಾಗಿದೆ. ಅತ್ತೆ ಗಾಜಿನ ಹತ್ತಿರ ಹೋದರೆ ಮೀನುಗಳೆಲ್ಲ ಓಡಿಬಂದು ಸಾಲಾಗಿ ನಿಲ್ಲುತ್ತವೆ. ವೀರೇಶ ಹೋದರೆ ಅವರನ್ನು ಕುರ್ಚಿಯೆಂದು ತಿಳಿದು ತಮ್ಮ ಪಾಡಿಗೆ ಆಡಿಕೊಂಡಿರುತ್ತವೆ. ನಾನು ಹೋದರೆ ಮಾತ್ರ ಒಂದೇ ಏಟಿಗೆ ಗಿಡದ ಬುಡ ಸೇರುತ್ತವೆ. ಎಲೆ ಕತ್ತರಿಸಲು, ಗಾಜು ಒರೆಸಲು, ಎದ್ದ ಗಿಡವನ್ನು ಒತ್ತಲು ದಿನಾ ತೊಟ್ಟಿಗೆ ಇಳಿಯುವ ಆ ಭಯಂಕರ ಕೈ ನನ್ನದೇ ಎಂದು ಅವಕ್ಕೆ ಗೊತ್ತಾಗಿಬಿಟ್ಟಿದೆ.

"ನೀ ಸ್ವಲ್ಪ ಆಕಡೆ ಸರಿ ಯವ್ವಾ," ಎನ್ನುತ್ತಾರೆ ಅತ್ತೆ. "ನಿನ್ನ ನೋಡಿದ್ರ ಅವು ಉಣ್ಣಂಗಿಲ್ಲ."

ಹೀಗಾಗಿ ಸಂಜೆ ಮನೆಗೆ ಬಂದವಳು ಚಹಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲುತ್ತೇನೆ. ಉಸಿರು ಬಿಗಿಹಿಡಿದು, ಒಂದೇ ಒಂದು ಕಣ್ಣನ್ನು ಹೊರಗಿಟ್ಟು, ನನ್ನ ಸ್ವಂತ ಅಕ್ವೇರಿಯಂ ಅನ್ನು ಕದ್ದು ನೋಡುತ್ತೇನೆ. ಬಹಳ ಚೆನ್ನಾಗಿ ಕಾಣುತ್ತದೆ.